ಹಳೆಯ ಅಮೆರಿಕನ್ ಮೋಟಾರು: ಗಟ್ಟಿಯಾದುದು ಯಾವುದು?

ನಮ್ಮ ಸಂಘದ ಹಿರಿಯ ಸದಸ್ಯರು ನಾಲ್ವರು ಒಂದೆಡೆ ಕೂಡಿದರೆ ಹಳೆಯ ಮುಂಬಯಿಯ ಮಾತು ಬಾರದೆ ಇರುವುದಿಲ್ಲ. ಟ್ರಾಮು, ಇರಾನಿ ಹೋಟೆಲುಗಳ ನೆನಪು ಮುಗಿಯುತ್ತಿದ್ದಂತೆ ಆ ಕಾಲದ ಭಾರಿ ಅಮೆರಿಕನ್ ಮೋಟಾರುಗಳ ಪ್ರಸ್ತಾಪ ಬಂದೇ ಬರುತ್ತದೆ. "ಡಾಜ್, ಪ್ಲಿಮತ್, ಷೆವರ್ಲೆ, ಅವು ನೋಡಿ ಗಾಡಿಗಳು! ಈಗಿನವು ಬರಿಯ ತಗಡಿನ ಡಬ್ಬಿಗಳು, ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ" ಎಂಬ ತೀರ್ಪಿನೊಂದಿಗೆ ಚರ್ಚೆ ಮುಕ್ತಾಯವಾಗುತ್ತದೆ. ಈ ತೀರ್ಪಿನಲ್ಲಿ ಸತ್ಯವೆಷ್ಟು, ನೆನಪಿನ ಮೋಹವೆಷ್ಟು ಎಂಬುದನ್ನು ವಿಚಾರಿಸುವುದು ಅಗತ್ಯವೆಂದು ನನಗೆ ತೋರುತ್ತದೆ. ಏಕೆಂದರೆ ಇದು ಕೇವಲ ಅಭಿರುಚಿಯ ಮಾತಲ್ಲ; ಪ್ರಾಣದ ಮಾತೂ ಹೌದು.

ಈ ಮೋಟಾರುಗಳೊಡನೆ ಮುಂಬಯಿಗೆ ಇದ್ದ ನಂಟು ಹಳೆಯದು. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿಯೇ ಶಿವಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿ ಬಹುವಾಗಿ ಶ್ರಮಿಸಿದರು. ಆ ಕನಸನ್ನು ಹೊತ್ತು ಮುಂದೆ ನಡೆದವರು ವಾಲ್‌ಚಂದ್ ಹೀರಾಚಂದರು. ಅವರ ಪ್ರೀಮಿಯರ್ ಸಂಸ್ಥೆಯು ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ 1947ರಲ್ಲಿ ಕುರ್ಲಾದಲ್ಲಿ ಕೆಲಸ ಆರಂಭಿಸಿ, ಡಾಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೋ ಲಾರಿಗಳನ್ನೂ ಹೊರತಂದಿತು. ಹೀಗಾಗಿ ನಮ್ಮ ಹಿರಿಯರ ಹೊಗಳಿಕೆ ಸಿನಿಮಾ ನೋಡಿ ಆಡಿದ ಮಾತಲ್ಲ. ಕಣ್ಣಾರೆ ಕಂಡು ಆಡಿದ ಮಾತು.

ಹೊಗಳಿಕೆಗೆ ಅರ್ಹವಾದುದನ್ನು ಮೊದಲು ಹೊಗಳೋಣ. ಅಮೆರಿಕದ ಲಾರಿಗಳ ಕೀರ್ತಿ ಬಹುಮಟ್ಟಿಗೆ ನ್ಯಾಯವಾದುದೇ. ಎರಡನೆಯ ಮಹಾಯುದ್ಧದಲ್ಲಿ ಜಿ.ಎಂ.ಸಿ. ಸಂಸ್ಥೆಯ ಎರಡೂವರೆ ಟನ್ ಲಾರಿಗಳು 5 ಲಕ್ಷಕ್ಕೂ ಮಿಕ್ಕಿ ತಯಾರಾಗಿ, ಕೆಸರು, ಹಿಮ, ಮರಳುಗಳೆನ್ನದೆ ದುಡಿದವು. ಏಣಿಯ ಆಕಾರದ ಉಕ್ಕಿನ ಚೌಕಟ್ಟು, ವೇಗ ಕಡಿಮೆಯಾದರೂ ಎಳೆಯುವ ಬಲ ಹೆಚ್ಚಾಗಿದ್ದ ಎಂಜಿನು, ಕೈಯಿಟ್ಟರೆ ಎಟುಕುವ ಬಿಡಿಭಾಗಗಳು ಇವೇ ಆ ಲಾರಿಗಳ ಗುಟ್ಟು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ 'ಟಿ' ಮಾದರಿಯ ಗುಣವೂ ಇದೇ. ರೈತನೊಬ್ಬನು ಸ್ಪ್ಯಾನರು, ಸುತ್ತಿಗೆ ಹಿಡಿದು ತಾನೇ ದುರಸ್ತಿ ಮಾಡಿಕೊಳ್ಳಬಲ್ಲ ಯಂತ್ರವದು.

ಆದರೆ 'ದುರಸ್ತಿಗೆ ಒಗ್ಗುವುದು' ಬೇರೆ, 'ಕೆಡದೆ ಬಾಳುವುದು' ಬೇರೆ. ಈ ಎರಡನ್ನೂ ನಾವು ಒಂದೇ ಎಂದು ಭ್ರಮಿಸಿದ್ದೇವೆ. 1950ರ ದಶಕದಲ್ಲಿ ಹೊಸ ಅಮೆರಿಕನ್ ಕಾರಿಗೆ ತಯಾರಕರು ಸಾಮಾನ್ಯವಾಗಿ ಕೊಡುತ್ತಿದ್ದ ಖಾತರಿ 90 ದಿನ ಅಥವಾ 4,000 ಮೈಲಿ ಮಾತ್ರ! ಓಡಿದ ದೂರ ತೋರಿಸುವ ಮೀಟರಿನಲ್ಲಿ ಐದೇ ಅಂಕಿಗಳಿರುತ್ತಿದ್ದುವು; ಲಕ್ಷ ಮೈಲಿ ತುಂಬಿದರೆ ಅದು ಮತ್ತೆ ಸೊನ್ನೆಗೆ ಮರಳುತ್ತಿತ್ತು. ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಆ ದಪ್ಪ ತಗಡನ್ನು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿಸಿ ತಿನ್ನುತ್ತಿತ್ತು. ವರ್ಷಕ್ಕೊಮ್ಮೆ ರೂಪ ಬದಲಿಸಿ, ಮೀನಿನ ರೆಕ್ಕೆಯಂತಹ ಬಾಲ ಅಂಟಿಸಿ, ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವಂತೆ ಮಾಡುವುದೇ ಆಗಿನ ವ್ಯಾಪಾರನೀತಿಯಾಗಿತ್ತು. 1970ರಲ್ಲಿ ಅಮೆರಿಕದ ರಸ್ತೆಗಳಲ್ಲಿದ್ದ ಕಾರುಗಳ ಸರಾಸರಿ ವಯಸ್ಸು 6 ವರ್ಷಕ್ಕೂ ಕಡಿಮೆ; ಇಂದು ಅದು 12 ವರ್ಷ ಮೀರಿದೆ. ಡಬ್ಬಿಗಳೆಂದು ನಾವು ಹಳಿಯುವ ಕಾರುಗಳೇ ಹೆಚ್ಚು ಕಾಲ ಬಾಳುತ್ತಿವೆ.

ಹಾಗಾದರೆ ಕ್ಯೂಬಾದ ಹವಾನಾ ನಗರದಲ್ಲಿ ಎಪ್ಪತ್ತು ವರ್ಷದ ಷೆವರ್ಲೆಗಳು ಇಂದಿಗೂ ಓಡುತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಓಡುತ್ತಿವೆ, ನಿಜ. 1959ರ ಕ್ರಾಂತಿಯ ನಂತರ ಅಮೆರಿಕವು ವ್ಯಾಪಾರ ನಿರ್ಬಂಧ ಹೇರಿದುದರಿಂದ ಅಲ್ಲಿಗೆ ಹೊಸ ಅಮೆರಿಕನ್ ಕಾರೂ ಬರಲಿಲ್ಲ, ಬಿಡಿಭಾಗವೂ ಬರಲಿಲ್ಲ. ಅಲ್ಲಿನ ಮೆಕ್ಯಾನಿಕ್ಕುಗಳು ರಷ್ಯದ ಬಿಡಿಭಾಗ, ಬೇರೆ ಗಾಡಿಯ ಡೀಸೆಲ್ ಎಂಜಿನು, ತಾವೇ ಕಡೆದ ತುಂಡುಗಳನ್ನು ಕೂಡಿಸಿ ಅವುಗಳ ಜೀವ ಉಳಿಸಿದರು. ಆ ಕೀರ್ತಿಯ ದೊಡ್ಡ ಪಾಲು ಮನುಷ್ಯನ ಕೈಗೆ ಸಲ್ಲತಕ್ಕದ್ದು. ಅಲ್ಲದೆ, ನಾವು ಇಂದು ಕಾಣುವುದು ಉಳಿದ ಕೆಲವನ್ನು. ಗುಜರಿಗೆ ಹೋದ ಕೋಟ್ಯಂತರ ಗಾಡಿಗಳು ಸಾಕ್ಷಿ ಹೇಳಲು ಬರುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸ್ಥಳಕ್ಕೆ ಹೇಗೋ ಕಾಲಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಗಾಡಿ ಗಟ್ಟಿಯಾಗಿದ್ದರೆ ಒಳಗಿರುವವನು ಕ್ಷೇಮ ಎಂಬುದು ಅತ್ಯಂತ ಅಪಾಯಕರವಾದ ನಂಬಿಕೆ. ಢಿಕ್ಕಿಯಾದಾಗ ವೇಗದ ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಗಾಡಿಯ ಮೂತಿ ಕ್ರಮವಾಗಿ ಮಡಿಚಿಕೊಂಡರೆ ಅದು ತಗಡಿನಲ್ಲಿ ವ್ಯಯವಾಗುತ್ತದೆ. ಇಲ್ಲವಾದರೆ ನಮ್ಮ ಎದೆ, ತಲೆ, ಕತ್ತುಗಳ ಮೇಲೆ ಬೀಳುತ್ತದೆ. ಹಳೆಯ ಗಾಡಿಗಳಲ್ಲಿ ಸ್ಟಿಯರಿಂಗ್ ದಂಡವು ಈಟಿಯಂತೆ ಚಾಲಕನ ಎದೆಗೆ ನೆಟ್ಟಗಿರುತ್ತಿತ್ತು. ಎದುರಿನ ಹಲಗೆ ಬರಿಯ ಉಕ್ಕು. ಸೊಂಟಪಟ್ಟಿ ಇಲ್ಲವೇ ಇಲ್ಲ. 2009ರಲ್ಲಿ ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಕೇಂದ್ರವು ಒಂದು ಪರೀಕ್ಷೆ ನಡೆಸಿತು. 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಢಿಕ್ಕಿ ಹೊಡೆಸಿದರು. ಎರಡರ ತೂಕದಲ್ಲಿಯೂ ಹೆಚ್ಚಿನ ಅಂತರವಿರಲಿಲ್ಲ. ಹೊಸ ಕಾರಿನ ಮೂತಿ ನುಜ್ಜುಗುಜ್ಜಾಯಿತು, ಆದರೆ ಕೂರುವ ಜಾಗ ಹಾಗೆಯೇ ಉಳಿಯಿತು. ಚಾಲಕನಿಗೆ ಕಾಲಿಗಷ್ಟೇ ಪೆಟ್ಟು. ಹಳೆಯ ಕಾರಿನಲ್ಲಿ ಕೂರುವ ಜಾಗವೇ ಕುಸಿಯಿತು. ಬೊಂಬೆಯ ಬದಲು ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ.

ಈ ಜ್ಞಾನ ಸುಲಭವಾಗಿ ಬಂದುದಲ್ಲ. 1956ರಲ್ಲಿ ಫೋರ್ಡ್ ಸಂಸ್ಥೆಯು ಸುರಕ್ಷತೆಯ ಸಾಧನಗಳನ್ನು ಮುಂದಿಟ್ಟರೂ ಉದ್ಯಮದ ಮನಸ್ಸು ರೂಪ, ವೇಗಗಳ ಮೇಲೆಯೇ ಇತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಕಾರುಗಳ ದೋಷಗಳನ್ನು ಬಯಲಿಗೆಳೆದು ಪುಸ್ತಕ ಬರೆದರು. ಮರುವರ್ಷವೇ ಮೋಟಾರು ಸುರಕ್ಷತೆಯ ಕಾಯಿದೆ ಜಾರಿಗೆ ಬಂದಿತು. 1966ರಲ್ಲಿ ಅಲ್ಲಿ ವಾಹನಗಳು ಒಟ್ಟಾಗಿ ಹತ್ತು ಕೋಟಿ ಮೈಲಿ ಓಡಿದರೆ ಐದಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ ಆ ಸಂಖ್ಯೆ ಒಂದೂವರೆಗಿಂತ ಕಡಿಮೆ. ಉತ್ತಮ ರಸ್ತೆ, ತುರ್ತು ಚಿಕಿತ್ಸೆಗಳಿಗೂ ಇದರಲ್ಲಿ ಪಾಲಿದೆಯೆಂಬುದು ದಿಟ. ಆದರೆ ಪಟ್ಟಿ, ಒತ್ತಿದರೆ ಕುಗ್ಗುವ ಸ್ಟಿಯರಿಂಗ್ ದಂಡಗಳ ಪಾಲು ಸಣ್ಣದಲ್ಲ.

ಹಳೆಯ ಗಾಡಿಯ ಹೊಗೆಯನ್ನೂ ಮರೆಯಬಾರದು. ಎಂಜಿನು ಬಡಿದುಕೊಳ್ಳದಿರಲೆಂದು 1923ರಿಂದ ಪೆಟ್ರೋಲಿಗೆ ಸೀಸ ಬೆರೆಸಲಾಗುತ್ತಿತ್ತು. ಸೀಸವು ಮಕ್ಕಳ ಮೆದುಳಿಗೆ ಮಾರಕ. ಅಮೆರಿಕವು ರಸ್ತೆ ವಾಹನಗಳಿಗೆ ಅದನ್ನು ಪೂರ್ಣವಾಗಿ ನಿಷೇಧಿಸಿದುದು 1996ರಲ್ಲಿ. ಭಾರತದಲ್ಲಿ ಅದು ನಿಂತುದು 2000ದಲ್ಲಿ. ಆ ರಾಜಗಾಂಭೀರ್ಯದ ಗಾಡಿಗಳ ಹಿಂದೆ ನಡೆದುಹೋದ ಮಕ್ಕಳೂ ನಾವೇ ಅಲ್ಲವೇ?

ಹಾಗೆಂದು ಹೊಸದೆಲ್ಲ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಇಂದಿನ ಕಾರಿನ ಬಾನೆಟ್ ತೆರೆದರೆ ಒಡೆಯನಿಗೆ ತೋಚುವುದು ಏನೂ ಇಲ್ಲ. ಸಣ್ಣ ದೋಷಕ್ಕೂ ಕಂಪ್ಯೂಟರು ಬೇಕು. ಸರಳತೆ, ದುರಸ್ತಿಯ ಸ್ವಾತಂತ್ರ್ಯ ಇವು ಹಳೆಯ ಅಮೆರಿಕನ್ ಮೋಟಾರಿನ ನಿಜವಾದ ಸಂಪತ್ತು. ತಯಾರಕರು ಅದನ್ನು ಮರಳಿ ಕೊಡಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಆ ಸಂಪತ್ತಿನೊಂದಿಗೆ 'ಗಟ್ಟಿ ಗಾಡಿಗೆ ಪಟ್ಟಿ ಏಕೆ?' ಎಂಬ ಉಡಾಫೆಯನ್ನು ಸೇರಿಸಿಕೊಳ್ಳಬಾರದು. ಊರಿಗೆ ಹೊರಟು ಘಟ್ಟ ಇಳಿಯುವಾಗ ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟದೆ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎನ್ನುವ ಹಿರಿಯರನ್ನು ನಾನು ಬಲ್ಲೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಅದು ಇರಲಿಲ್ಲವಾದ್ದರಿಂದಲೇ ನಿಮ್ಮ ಕಾಲದ ಎಷ್ಟೋ ಮಂದಿ ಇಂದು ನಮ್ಮೊಡನೆ ಹರಟಲು ಇಲ್ಲ. ಹಳೆಯ ಗಾಡಿಯನ್ನು ಮನಸಾರೆ ಪ್ರೀತಿಸೋಣ; ಪಟ್ಟಿಯನ್ನು ಮರೆಯದೆ ಕಟ್ಟಿಕೊಳ್ಳೋಣ.