ಮದುವೆ ಸಿಡಿಯನ್ನು ಕಸಕ್ಕೆ ಹಾಕುವ ಮುನ್ನ

ಸಿಡಿ ಓಡದಿದ್ದರೆ ನಮ್ಮ ಜನ ಮೊದಲು ಬೈಯುವುದು ಸಿಡಿಯನ್ನೇ. ಆಮೇಲೆ ಸೆರಗಿಗೋ ಪಂಚೆಗೋ ಒತ್ತಿ ಗರಗರ ತಿರುಗಿಸಿ ಒರೆಸುತ್ತಾರೆ. ಆಗಲೂ ಓಡಲಿಲ್ಲವೋ, ದೀಪಾವಳಿ ಸ್ವಚ್ಛತೆಯಲ್ಲಿ ಅದು ರದ್ದಿ ಚೀಲ ಸೇರುತ್ತದೆ. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು ಕಂಡ ಮಟ್ಟಿಗೆ ತಪ್ಪು ಹೆಚ್ಚಿನ ಸಲ ಡ್ರೈವಿನದು. ಶಿಕ್ಷೆ ಮಾತ್ರ ಸಿಡಿಗೆ.

‘ಸಿನಿಮಾ ಡಿವಿಡಿ ಚೊಲೋ ಓಡ್ತು, ಮದುವೆ ಸಿಡಿ ಮಾತ್ರ ಓಡ್ತಾ ಇಲ್ಲೆ ತಮಾ. ಸಿಡಿನೇ ಹಾಳಾಯ್ದು’ ಎನ್ನುತ್ತ ಬರುವ ಹಿರಿಯರು ಈಗಲೂ ಇದ್ದಾರೆ. ಅವರ ತರ್ಕ ಮೇಲ್ನೋಟಕ್ಕೆ ಸರಿಯೇ. ಒಂದು ಓಡುತ್ತದೆ ಎಂದಮೇಲೆ ಡ್ರೈವ್ ಸರಿಯಿರಲೇಬೇಕಲ್ಲ? ಆದರೆ ಡಿವಿಡಿ ಡ್ರೈವಿನೊಳಗೆ ಇರುವುದು ಒಂದಲ್ಲ, ಎರಡು ಲೇಸರ್. ಡಿವಿಡಿ ಓದಲು 650 ನ್ಯಾನೊಮೀಟರಿನ ಕೆಂಪು ಬೆಳಕು, ಸಿಡಿ ಓದಲು ಕಣ್ಣಿಗೆ ಹೆಚ್ಚುಕಡಿಮೆ ಕಾಣದ 780 ನ್ಯಾನೊಮೀಟರಿನದು. ಎರಡನೆಯದು ಸೋತು ಹೋದರೆ ಡಿವಿಡಿಗಳೆಲ್ಲ ಓಡುತ್ತವೆ, ಸಿಡಿಗಳೆಲ್ಲ ಮೂಕಾಗುತ್ತವೆ. ನಮ್ಮ ಕಡೆ ಎರಡು ಸಾವಿರದ ದಶಕದ ಮದುವೆ, ಉಪನಯನಗಳೆಲ್ಲ ವಿಸಿಡಿಯಲ್ಲಿ ಕೂತಿವೆ. ವಿಸಿಡಿ ಎಂದರೂ ಸಿಡಿಯೇ.

ಇದಕ್ಕಿಂತ ಮೋಸದ ಇನ್ನೊಂದು ಸ್ಥಿತಿಯಿದೆ. ಕಂಪನಿಯಲ್ಲಿ ಅಚ್ಚಾಗಿ ಬಂದ ಸಿನಿಮಾ ಸಿಡಿಯಲ್ಲಿ ಅಲ್ಯೂಮಿನಿಯಂ ಪದರದ ಮೇಲೆ ಗುಳಿಗಳಿರುತ್ತವೆ, ಬೆಳಕು ಚೆನ್ನಾಗಿ ಮರಳುತ್ತದೆ. ಸ್ಟುಡಿಯೋದವರು ‘ರೈಟ್’ ಮಾಡಿ ಕೊಟ್ಟದ್ದರಲ್ಲಿ ಇರುವುದು ಸುಟ್ಟ ಬಣ್ಣದ ಗುರುತು, ಅದರಿಂದ ಮರಳುವ ಬೆಳಕು ಕಡಿಮೆ. ಲೇಸರ್ ಅರ್ಧ ಸೋತಿದ್ದರೆ ಅಚ್ಚಿನ ಸಿಡಿ ಓಡುತ್ತದೆ, ರೈಟ್ ಮಾಡಿದ್ದು ಓಡುವುದಿಲ್ಲ. ಹಾಗಾಗಿ ಯಾವುದನ್ನೇ ಆದರೂ ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡದೆ ‘ಸಿಡಿ ಹೋಗಿದೆ’ ಎಂದು ತೀರ್ಪು ಕೊಡುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಡ್ರೈವ್ ಹೋಗಿದೆ ಎಂದು ಸುಳ್ಳು ಹೇಳಿದರೆ ಗಿರಾಕಿಗೆ ದುಡ್ಡು ನಷ್ಟ. ಸಿಡಿ ಹೋಗಿದೆ ಎಂದರೆ ಅಜ್ಜಿಯ ಮುಖವೇ ಹೋಯಿತು.

ಮಲೆನಾಡಿನ ಮಳೆಗಾಲ ಬೇರೆ. ಲ್ಯಾಪ್‌ಟಾಪಿನ ಟ್ರೇ ಹೊರಗೆಳೆದರೆ ನೀಲಿ ಛಾಯೆಯ ಸಣ್ಣ ಲೆನ್ಸ್ ಕಾಣುತ್ತದಲ್ಲ, ಅದರ ಮೇಲೆ ಧೂಳೂ ತೇವವೂ ಸೇರಿ ಪೊರೆ ಕಟ್ಟುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ, ಲೆನ್ಸಿಗೆ ತಾಗಿತೋ ಇಲ್ಲವೋ ಎಂಬಂತೆ ಒರೆಸಿ ಒಣಗಲು ಬಿಡಿ. ಒತ್ತಬೇಡಿ, ಲೆನ್ಸ್ ಕೂತಿರುವುದು ಕೂದಲೆಳೆಯಂಥ ತಂತಿಗಳ ಮೇಲೆ. ಇಷ್ಟರಿಂದಲೇ ಎಷ್ಟೋ ಡ್ರೈವ್‌ಗಳು ಎದ್ದು ಕೂತಿವೆ. ಇನ್ನು ಸಿಡಿ ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅಡ್ಡ ಬಿದ್ದ ಗೀರನ್ನು ಡ್ರೈವ್ ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ, ಸುರುಳಿಯ ಗುಂಟ ಬಿದ್ದ ಉದ್ದನೆಯ ಗೀರಿಗೆ ಅದರ ಬಳಿ ಮದ್ದಿಲ್ಲ.

ನಿಜವಾಗಿ ಕಾಪಾಡಬೇಕಾದ್ದು ಹೊಳೆಯುವ ಬದಿಯನ್ನಲ್ಲ, ಹೆಸರು ಬರೆದ ಬದಿಯನ್ನು. 1.2 ಮಿಲಿಮೀಟರ್ ದಪ್ಪದ ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರಿನ ಬದಿಯ ತೆಳು ವಾರ್ನಿಷಿನ ಕೆಳಗೇ. ನಮ್ಮ ಸ್ಟುಡಿಯೋಗಳು ಅಲ್ಲಿಗೇ ವಧೂವರರ ಫೋಟೊದ ಸ್ಟಿಕರ್ ಅಂಟಿಸಿ ಕೊಟ್ಟವು! ಮಳೆಗಾಲದಲ್ಲಿ ಅದು ಉಬ್ಬುತ್ತದೆ. ಚೆಂದ ಕಾಣುವುದಿಲ್ಲವೆಂದು ಕಿತ್ತರೆ ಬೆಳ್ಳಿಬಣ್ಣದ ಪದರವೂ ಚಕ್ಕೆಚಕ್ಕೆಯಾಗಿ ಜೊತೆಗೇ ಬರುತ್ತದೆ. ಅದಕ್ಕೆ ಯಾವ ಅಂಗಡಿಯಲ್ಲೂ ರಿಪೇರಿಯಿಲ್ಲ. ಉಬ್ಬಿದ್ದರೆ ಉಬ್ಬಿಕೊಂಡಿರಲಿ, ಕೀಳಬೇಡಿ.

ಕೆಲವೊಮ್ಮೆ ಸಿಡಿ, ಡ್ರೈವ್ ಎರಡೂ ಸರಿಯಿದ್ದು, ತೊಂದರೆ ಸಾಫ್ಟ್‌ವೇರಿನಲ್ಲಿರುತ್ತದೆ. ವಿಂಡೋಸ್ 8ರಿಂದೀಚೆಗೆ ಡಿವಿಡಿ ಸಿನಿಮಾ ಓಡಿಸುವ ವ್ಯವಸ್ಥೆ ಅದರಲ್ಲೇ ಬರುವುದಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಮುಗಿಯಿತು. ವಿಸಿಡಿಯಾದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರಿನೊಳಗಿನ ‘ಡ್ಯಾಟ್’ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಓಡಿದ ಕೂಡಲೇ ನೋಡುತ್ತ ಕೂರದೆ ಅದನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಆ ಡ್ರೈವ್ ನಾಳೆಯೂ ಓದೀತೆಂಬ ಭರವಸೆ ನನಗಂತೂ ಇಲ್ಲ.

ಹಳೆಯದರ ಮಾತಾಯಿತು. ಇವತ್ತೂ ಸ್ಕ್ಯಾನಿಂಗ್ ಸೆಂಟರ್‌ಗಳು ಎಂಆರ್‌ಐ ಮಾಡಿ ಕೈಗೆ ಸಿಡಿ ಕೊಡುತ್ತಿವೆಯಲ್ಲ, ಅದಕ್ಕೇನನ್ನೋಣ? ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಸ್ಕ್ಯಾನನ್ನು ಹಿಡಿದು ರೋಗಿಯ ಮಗ ‘ಅಣ್ಣಾ, ಇದನ್ನೊಂದು ಪೆನ್‌ಡ್ರೈವಿಗೆ ಹಾಕ್ಕೊಡಿ’ ಎಂದು ನನ್ನಲ್ಲಿಗೆ ಬರುತ್ತಾನೆ. ಹೊರಗಿನ ಪೆನ್‌ಡ್ರೈವ್ ಚುಚ್ಚಿದರೆ ವೈರಸ್ ಬರುತ್ತದೆಂಬ ಸೆಂಟರಿನವರ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಹಾಗಾದರೆ ಹೊಸ ಪೆನ್‌ಡ್ರೈವನ್ನು ಅವರೇ ಕೊಟ್ಟು ಬಿಲ್ಲಿಗೆ ಸೇರಿಸಲಿ, ಇಲ್ಲವೇ ಲಿಂಕ್ ಕಳಿಸಲಿ. ಸಿಡಿಯೇ ಆಗಬೇಕೆಂದರೆ ಕೌಂಟರಿನಲ್ಲೇ ಓಡಿಸಿ ತೋರಿಸಿ ಕೊಡಲಿ. ಕೈಗೆ ಬಂದ ಸಿಡಿಯಿಂದ ಕಾಪಿ ಮಾಡುವವರು ಒಂದೊಂದೇ ಚಿತ್ರ ಆರಿಸದೆ, ಫೈಲ್ ಹೆಸರು ಬದಲಿಸದೆ, ಇಡೀ ಸಿಡಿಯನ್ನು ಇದ್ದಂತೆಯೇ ತೆಗೆದಿಟ್ಟುಕೊಳ್ಳಿ. ಒಂದು ಫೋಲ್ಡರ್ ಬಿಟ್ಟರೂ ಡಾಕ್ಟರ ಕಂಪ್ಯೂಟರಿನಲ್ಲಿ ತಕರಾರು ಶುರು.

ನನ್ನದೊಂದು ಬೇಡಿಕೆಯಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್ ಬಂದಿದೆ. ಅಲ್ಲಿಗೊಂದು ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ತರಿಸಿಡಲಿ. ಒಂದೆರಡು ಸಾವಿರ ರೂಪಾಯಿಯ ವಸ್ತು, ಊರಿನ ಕಪಾಟುಗಳಲ್ಲಿರುವ ಸಿಡಿಗಳೆಲ್ಲ ಒಂದೊಂದು ಸಲ ಅದರೊಳಗೆ ಹೊಕ್ಕು ಬರಲಿ. ತರಿಸುವಾಗ ಎರಡು ಯುಎಸ್‌ಬಿ ಪಿನ್ನಿರುವ ಕೇಬಲನ್ನೇ ಕೇಳಿ. ಹಳೇ ಕಂಪ್ಯೂಟರಿನ ಒಂದೇ ಪೋರ್ಟಿನ ಕರೆಂಟ್ ಸಾಲದೆ ಡ್ರೈವ್ ಟಿಕ್ ಟಿಕ್ ಅನ್ನತೊಡಗಿದರೆ, ಆಗಲೂ ಜನ ಬೈಯುವುದು ಸಿಡಿಯನ್ನೇ.