ಕದಿರಿನ ಕಾಲಕ್ಕೆ ಊರಿಗೆ ಹೋಗೋಣ

ಮುಂಬಯಿಯ ಕನ್ನಡಿಗರು ಊರನ್ನು ಮರೆತಿದ್ದಾರೆಂದು ಯಾರಾದರೂ ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಬರಬೇಕಾದ್ದೇ. ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ಹೋಗುತ್ತೇವೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಡುತ್ತೇವೆ, ಹಂಚಿನ ಮನೆಗೆ ತಾರಸಿ ಹಾಕಿಸುತ್ತೇವೆ. ಆದರೆ ಹೋಗುವುದು ಯಾವ ತಿಂಗಳಲ್ಲಿ? ಮೇ ತಿಂಗಳಲ್ಲಿ. ಆಗ ಬಾವಿಯ ತಳ ಕಾಣುತ್ತಿರುತ್ತದೆ, ಗದ್ದೆ ಬಿರುಕು ಬಿಟ್ಟು ಹುಡುಗರ ಕ್ರಿಕೆಟ್ ಮೈದಾನವಾಗಿರುತ್ತದೆ. ನಮ್ಮ ಮಕ್ಕಳು ಮಾವು ಹಲಸು ತಿಂದು, ಎರಡು ಮದುವೆಯ ಊಟ ಉಂಡು, ಬೆವರುಸಾಲೆ ಹೊತ್ತುಕೊಂಡು ಮರಳುತ್ತಾರೆ. ಅನ್ನ ಬೆಳೆಯುವ ಊರನ್ನು ಅವರು ನೋಡಿಯೇ ಇರುವುದಿಲ್ಲ.

ಅದೇ ಮಕ್ಕಳನ್ನು ಅಕ್ಟೋಬರ್ ಬಂದೊಡನೆ ನಾವು ಹಣ ಕೊಟ್ಟು ಹೊಲ ತೋರಿಸಲು ಕರೆದೊಯ್ಯುತ್ತೇವೆ. ಕರ್ಜತ್, ಮುರಬಾಡ, ಪಾಲಘರ್ ಕಡೆ ಕೃಷಿ ಪ್ರವಾಸ ಕೇಂದ್ರಗಳು ಎಷ್ಟಾಗಿವೆಯೋ ಲೆಕ್ಕವಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಗಾದೆ ನಮಗಾಗಿಯೇ ಹುಟ್ಟಿದ್ದಿರಬೇಕು.

ತಪ್ಪು ತಿಳಿಯಬಾರದು. ಕೃಷಿ ಪ್ರವಾಸದ ಮೇಲೆ ನಮಗೆ ದ್ವೇಷವಿಲ್ಲ. 2005ರಲ್ಲಿ ಬಾರಾಮತಿಯ ಬಳಿ ಆರಂಭವಾದ ಈ ಪ್ರಯೋಗದಿಂದ ಮಹಾರಾಷ್ಟ್ರದ ಎಷ್ಟೋ ರೈತರಿಗೆ ಬೆಳೆಯ ಜೊತೆಗೆ ಇನ್ನೊಂದು ಆದಾಯ ಸಿಕ್ಕಿದೆ. 2020ರಲ್ಲಿ ರಾಜ್ಯ ಸರಕಾರ ಅದಕ್ಕೊಂದು ನೀತಿಯನ್ನೂ ರೂಪಿಸಿತು. ನೆಲದ ನಂಟೇ ಇಲ್ಲದವರಿಗೆ ಅದು ಒಳ್ಳೆಯ ಏರ್ಪಾಡು. ಆದರೆ ಊರಲ್ಲಿ ಅಪ್ಪನ ಗದ್ದೆಯನ್ನೋ ಹೊಲವನ್ನೋ ಇಟ್ಟುಕೊಂಡವರು ಅಲ್ಲಿ ಟಿಕೇಟು ಕೊಳ್ಳಲು ಸಾಲು ನಿಲ್ಲುವುದೇಕೆ ಎಂಬುದು ನಮ್ಮ ಪ್ರಶ್ನೆ.

ಹೋದ ವರ್ಷ ಕಣ್ಣಿನ ಚಿಕಿತ್ಸೆಗೆಂದು ನಮ್ಮ ತಂದೆಯವರು ಉಡುಪಿ ಕಡೆಯಿಂದ ಆಂಟಾಪ್ ಹಿಲ್ಲಿನ ನಮ್ಮ ಸರಕಾರಿ ವಸತಿಗೆ ಬಂದಿದ್ದರು. ನವರಾತ್ರಿಯ ರಜೆಯಲ್ಲಿ ನಮ್ಮ ಷಡ್ಡಕರು ಎಲ್ಲರಿಗೂ ಒಂದು ಪ್ರವಾಸ ಏರ್ಪಡಿಸಿದರು. ತಮ್ಮನ ಎರಡೂವರೆ ವರ್ಷದ ಮಗಳೂ ಸೇರಿ ಒಂಬತ್ತು ಮಂದಿ ಕರ್ಜತ್ ಕಡೆಯ ಒಂದು ಕೇಂದ್ರಕ್ಕೆ ಹೋದೆವು. ಕತ್ತರಿಸಿದ ಹುಲ್ಲುಹಾಸು, ಬಣ್ಣ ಬಳಿದ ಎತ್ತಿನ ಗಾಡಿ, ಈಜುಕೊಳ, ನಾಲ್ಕು ಬಗೆಯ ಸಿಹಿ. ತಂದೆಯವರು ಒಂದು ಸುತ್ತು ಹಾಕಿ ಬಂದು ಕೇಳಿದರು: “ಎಲ್ಲಾ ಸರಿ ಮಾರಾಯ, ಗದ್ದೆ ಎಲ್ಲಿ?”

ಗದ್ದೆ ಬೇಲಿಯ ಆಚೆಗಿತ್ತು. ಕರ್ಜತ್ ನಿಜಕ್ಕೂ ಭತ್ತದ ನಾಡು. ಅಲ್ಲಿಯ ಸಂಶೋಧನಾ ಕೇಂದ್ರದಿಂದ ಹೊರಬಂದ ಭತ್ತದ ತಳಿಗಳಿಗೆ ಆ ಊರಿನದೇ ಹೆಸರಿದೆ. ಪಕ್ಕದ ರೈತನನ್ನು ಕೇಳಿ ತಂದೆಯವರು ತಡವಾಗಿ ನೆಟ್ಟ ಮೂಲೆಯಿಂದ ಒಂದು ತೆನೆ ಮುರಿದರು. ಮಗುವನ್ನು ಬದುವಿನ ಮೇಲೆ ಕುಳ್ಳಿರಿಸಿ, ಎಳೆಯ ಕಾಳನ್ನು ಉಗುರಿನಿಂದ ಒತ್ತಿ ಹಾಲು ತೋರಿಸಿದರು. ಬಲಿತ ಕಾಳನ್ನು ಸುಲಿದು ಅಕ್ಕಿ ತೋರಿಸಿದರು. “ಅಜ್ಜಾ, ಅನ್ನ ಇದರೊಳಗೆ ಉಂಟಾ?” ಎಂದು ಮಗು ಕೇಳಿತು. ರೈತನಿಗೆ ಕನ್ನಡ ಬರದು, ತಂದೆಯವರಿಗೆ ಮರಾಠಿ ಬರದು. ಆದರೂ ಮುಗಿಲಿನ ಕಡೆ ಕೈ ತೋರಿಸುತ್ತ, ಕೊಯ್ಲಿನ ಹೊತ್ತಿಗೆ ಬರುವ ಮಳೆಯ ಬಗ್ಗೆ ಇಬ್ಬರೂ ಕಾಲು ಗಂಟೆ ಮಾತಾಡಿದರು. ತಲೆಗೆ ಸಾವಿರ ರೂಪಾಯಿಗೂ ಮೇಲೆ ತೆತ್ತ ಆ ದಿನದಲ್ಲಿ ಮಗು ಕಲಿತದ್ದು ಬಿಟ್ಟಿಯಾಗಿ ಸಿಕ್ಕ ಆ ಕಾಲು ಗಂಟೆಯಲ್ಲಿ.

ಈ ಕಾಲು ಗಂಟೆ ನಮ್ಮ ಊರುಗಳಲ್ಲಿ ಶರದೃತುವಿನ ಎರಡು ತಿಂಗಳೂ ಇರುತ್ತದೆ. ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ನಾಟಿಯಾದ ಏಣೆಲು ಬೆಳೆ ಈಗ ಕೊಯ್ಲಿಗೆ ಬರುತ್ತದೆ. ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ಎಂ.ಓ.4 ಕೆಂಪಕ್ಕಿಯದು ಸುಮಾರು ನಾಲ್ಕು ತಿಂಗಳ ಬೆಳೆ. ಹೂ ಬಿಟ್ಟ ಮೇಲೆ ಸುಮಾರು 30 ದಿನಗಳಲ್ಲಿ ಕಾಳು ಮೊದಲು ಹಾಲಾಗಿ, ಆಮೇಲೆ ಹಿಟ್ಟಾಗಿ, ಕೊನೆಗೆ ಗಟ್ಟಿಯಾಗುತ್ತದೆ. ಇದೇ ಕಾಲದಲ್ಲಿ ಬಾಗಿಲಿಗೆ, ಬಾವಿಗೆ, ನೇಗಿಲಿಗೆ ಕದಿರು ಕಟ್ಟುತ್ತಾರೆ. ಹೊಸ ಅಕ್ಕಿಯ ಊಟವನ್ನು ಕುಂದಾಪುರದವರು ಹೊಸ್ತು ಎಂದರೆ ತುಳುವರು ಪುದ್ವಾರ್ ಎನ್ನುತ್ತಾರೆ. ದೀಪಾವಳಿಯ ಸಂಜೆ ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ತೆನೆ ಹೊತ್ತ ಭೂಮಿಯನ್ನು ಗರ್ಭಿಣಿಯೆಂದು ಬಗೆದು ಬಯಕೆಯ ಊಟ ಬಡಿಸುತ್ತಾರೆ. ಉತ್ತರ ಕರ್ನಾಟಕದವರಿಗೆ ಅದೇ ಸೀಗಿ ಹುಣ್ಣಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಯಾವ ಪ್ರವಾಸ ಕೇಂದ್ರ ಇದನ್ನೆಲ್ಲ ಮಾರೀತು?

ಇನ್ನು ಆಕ್ಷೇಪಗಳ ವಿಚಾರ. ಮೊದಲನೆಯದು ರಜೆ. ಹಿರಿಯ ಮಕ್ಕಳಿಗೆ ಅಕ್ಟೋಬರಿನಲ್ಲಿ ಪರೀಕ್ಷೆಯ ಕಾಟ, ಒಪ್ಪೋಣ. ಆದರೆ ಎರಡು ವರ್ಷದ ಕೂಸಿಗೆ ಯಾವ ಪರೀಕ್ಷೆ? ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಹನ್ನೆರಡು ವರ್ಷ ಅಕ್ಟೋಬರ್ ಅದರ ಕೈಯಲ್ಲಿರುವುದಿಲ್ಲ. ಹೋಗಬಹುದಾದ ವಯಸ್ಸು ಇದೊಂದೇ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಬೇಡವೆಂದರೆ ರೈಲಿನಲ್ಲಿ ಟಿಕೇಟೂ ಇಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ದಾರಿಯ ನೆವವೂ ಉಳಿದಿಲ್ಲ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಾಗ ಉಡುಪಿ. ನಮ್ಮಂಥ ಕೇಂದ್ರ ಸರಕಾರದ ನೌಕರರಿಗಂತೂ ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿಬರಲು ಸರಕಾರವೇ ಎಲ್.ಟಿ.ಸಿ. ಕೊಡುತ್ತದೆ. ಅದನ್ನು ಕಾಶ್ಮೀರಕ್ಕೂ ಅಂಡಮಾನಿಗೂ ಬದಲಾಯಿಸಿಕೊಳ್ಳುವ ಅರ್ಜಿಗಳು ನಮ್ಮ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಹಿಮ ನೋಡಬಾರದೆಂದಲ್ಲ. ಹಿಮ ಇನ್ನು ಇಪ್ಪತ್ತು ವರ್ಷ ಕಾದೀತು, ಅಜ್ಜ ಕಾಯಲಾರ.

ಎರಡನೆಯದು ಆರೋಗ್ಯ. ಕೆಸರು, ಸೊಳ್ಳೆ, ಹಾವು ಎಂದು ಹೆದರುತ್ತಾರೆ. ಹುಷಾರಿ ಬೇಕು: ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಸಬಾರದು, ಇಲಿಜ್ವರದ ಭಯವಿದೆ, ರಾತ್ರಿ ಸೊಳ್ಳೆಪರದೆ ಇರಲಿ. ಆದರೆ ಕೊಯ್ಲಿನ ಹೊತ್ತಿಗೆ ಗದ್ದೆಯ ನೀರು ಬಸಿದಿರುತ್ತದೆ. ಇನ್ನೊಂದು ಮಾತು. ತೀರಾ ಚೊಕ್ಕಟವಾಗಿ ಬೆಳೆದ ಮಕ್ಕಳಿಗೆ ಅಲರ್ಜಿ ಹೆಚ್ಚೇ ಎಂಬ ಚರ್ಚೆಯನ್ನು 1989ರಲ್ಲಿ ಸ್ಟ್ರಾಚನ್ ಎಂಬ ಬ್ರಿಟಿಷ್ ವಿಜ್ಞಾನಿ ಎಬ್ಬಿಸಿದರು. ಆಮೇಲೆ ಆಲ್ಪ್ಸ್ ಪ್ರದೇಶದ ಅಧ್ಯಯನಗಳಲ್ಲಿ, ದನಕರುಗಳಿರುವ ಹೊಲಮನೆಗಳಲ್ಲಿ ಬೆಳೆದ ಮಕ್ಕಳಿಗೆ ಉಬ್ಬಸ, ಅಲರ್ಜಿ ಕಡಿಮೆಯೆಂದು ಕಂಡುಬಂತು. ನಾಲ್ಕು ದಿನದ ಭೇಟಿಯಿಂದ ಅದೇ ಫಲ ಬಂದೀತೆಂದು ನಾವು ಹೇಳುವುದಿಲ್ಲ. ಮಣ್ಣನ್ನೇ ವಿಷವೆಂದು ಬಗೆಯಬೇಡಿ ಎಂದಷ್ಟೇ ನಮ್ಮ ವಿನಂತಿ.

ಮೂರನೆಯದು ಎಲ್ಲರ ಬಾಯಲ್ಲೂ ಇರುವ ಮಾತು: “ಅಷ್ಟು ಸಣ್ಣ ಮಗುವಿಗೆ ಏನು ನೆನಪಿರುತ್ತದೆ?” ನಿಜ, ಎರಡು ವರ್ಷದ ಘಟನೆ ದೊಡ್ಡವರಾದ ಮೇಲೆ ನೆನಪಿಗೆ ಬಾರದು. ಆದರೆ ಮಗು ಮಾತು ಕಲಿಯುವುದು ಇದೇ ವಯಸ್ಸಿನಲ್ಲಿ. ಹತ್ತಾರು ಶಬ್ದ ನೂರಾರಾಗುವ ಹೊತ್ತು ಇದು. ತೆನೆ, ಬದು, ಬೈಹುಲ್ಲು, ಗೆರಸೆ, ಕಣ, ಹಟ್ಟಿ, ಈ ಶಬ್ದಗಳನ್ನು ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಕಲಿಸಲು ಹೊರಟರೆ ಹತ್ತು ವರ್ಷದ ಹುಡುಗನೂ ಆಕಳಿಸುತ್ತಾನೆ. ಗದ್ದೆಯ ಬದುವಿನಲ್ಲಿ ಕೂಸು ಅವನ್ನು ಒಂದು ಬೆಳಗಿನಲ್ಲಿ ಕಲಿಯುತ್ತದೆ. ಮನೆಯವರು ಅವನ್ನೇ ಆಡುತ್ತಿದ್ದರೆ ಮರೆಯುವುದೂ ಇಲ್ಲ. ನೆನಪು ಮಗುವಿಗೆ ಉಳಿಯದಿದ್ದರೆ ಅಜ್ಜ ಅಜ್ಜಿಗೆ ಉಳಿಯುತ್ತದೆ. ಅವರದೂ ಒಂದು ಲೆಕ್ಕವಲ್ಲವೇ?

ಕಡೆಯ ಆಕ್ಷೇಪವೇ ನಿಜವಾಗಿ ನೋಯಿಸುವಂಥದು: “ನಮ್ಮ ಊರಲ್ಲಿ ಈಗ ಗದ್ದೆಯೇ ಇಲ್ಲ, ಹಡಿಲು ಬಿದ್ದಿದೆ.” ಹೌದು, ಬಿದ್ದಿದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಒಕ್ಕಲಾಗಿದ್ದ ನಮ್ಮ ಹಿರಿಯರಲ್ಲಿ ಅನೇಕರು ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ಲಿಗೆ ಅಲೆದು ಆ ಗದ್ದೆಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆಳುಗಳಿಲ್ಲ, ಭತ್ತಕ್ಕೆ ಖರ್ಚು ಹುಟ್ಟುವುದಿಲ್ಲ, ಮಕ್ಕಳು ಮುಂಬಯಿಯಲ್ಲಿ. ಹೀಗೆ ಒಂದೊಂದೇ ಗದ್ದೆ ಪಾಳು ಬಿದ್ದಿತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದು ವರ್ಷಗಟ್ಟಲೆ ಬೀಳುಬಿದ್ದ ಗದ್ದೆಗಳಲ್ಲಿ ಮತ್ತೆ ನಾಟಿಯಾಯಿತು. ಅಂದರೆ ನೆಲ ಸತ್ತಿಲ್ಲ. ಆದರೆ 2020ರ ಕಾಯಿದೆ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆದಿದೆ. ನಾಳೆ ಅಪ್ಪನ ಕಾಲ ಮುಗಿದ ಮೇಲೆ ಪಹಣಿ ಪತ್ರ ಹಿಡಿದು ಸಹಿ ಕೇಳಲು ಬರುವವನ ಮುಂದೆ ಕೂರುವವರು ನಮ್ಮ ಈ ಮಕ್ಕಳೇ. ತಾವು ಕಂಡೇ ಇರದ ಗದ್ದೆಗೆ ಸಹಿ ಹಾಕಲು ಅವರಿಗೆ ಒಂದು ನಿಮಿಷ ಸಾಕು. ಕಂಡಿದ್ದರೆ ಒಂದು ಗಳಿಗೆಯಾದರೂ ಯೋಚಿಸುತ್ತಾರೆ. ನಮ್ಮ ವಾದದ ಒಟ್ಟು ತಿರುಳು ಇಷ್ಟೇ.

ಆದ್ದರಿಂದ ನಮ್ಮ ಸೂಚನೆಗಳು ಮೂರು. ಒಂದು, ಎಳೆಯ ಮಕ್ಕಳಿರುವ ಮನೆಗಳು ಮೇ ತಿಂಗಳ ಒಂದು ಪ್ರಯಾಣವನ್ನಾದರೂ ನವರಾತ್ರಿ ದೀಪಾವಳಿಗಳ ನಡುವಿಗೆ ಬದಲಾಯಿಸಲಿ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ನವರಾತ್ರಿಗೆ ಹೊರಡುವವರು ಶ್ರಾವಣದಲ್ಲಿಯೇ ಎಚ್ಚರವಾಗಿರಬೇಕು. ಎರಡು, ಸ್ವಂತ ಗದ್ದೆ ಇಲ್ಲದವರು ನೆರೆಮನೆಯವರ ಗದ್ದೆಗೆ ಹೋಗಲಿ. ಮಗುವನ್ನು ಎತ್ತಿಕೊಂಡು ಬಂದವರನ್ನು ನಮ್ಮೂರಲ್ಲಿ ಯಾರೂ ಬದುವಿನಿಂದ ಓಡಿಸುವುದಿಲ್ಲ. ಮೂರು, ಸಂಘದ ವಾರ್ಷಿಕ ವನಭೋಜನವನ್ನು ಈಜುಕೊಳದ ತಾಣದಲ್ಲಿಡುವ ಬದಲು, ಅಕ್ಟೋಬರಿನಲ್ಲಿ ಕರ್ಜತ್ತಿನ ಯಾರಾದರೂ ಭತ್ತದ ರೈತನ ಅಂಗಳದಲ್ಲಿ ಇಡಲಿ. ಊಟದ ಹಣ ಅವನ ಮನೆಗೇ ಹೋಗಲಿ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮೂರನೆಯ ಸೂಚನೆಯನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇವೆ. ಮೊದಲಿನ ಎರಡಕ್ಕೆ ಸಮಿತಿಯ ಒಪ್ಪಿಗೆ ಬೇಕಿಲ್ಲ.