ಮದ್ದಿಗೆ ಬಗ್ಗದ ರೋಗಾಣು, ತೊಟ್ಟಿಲಲ್ಲಿ ನಮ್ಮ ಕಂದಮ್ಮಗಳು

ಹಸುಗೂಸಿನ ಮೆದುಳಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು ಹಿಂದೆಯೂ ಮಾರಕವಾಗಿತ್ತು. ಆದರೆ ಅದನ್ನು ಎದುರಿಸಬಲ್ಲ ಮದ್ದು ವೈದ್ಯರ ಕೈಯಲ್ಲಿತ್ತು. ಇಂದು ಮದ್ದು ಇದ್ದೂ ಕೆಲಸ ಮಾಡದಂತಹ ದುಸ್ಥಿತಿ ಬಂದೊದಗಿದೆ. ಇದು ವಿಧಿಯ ಆಟವಲ್ಲ, ನಮ್ಮ ಕೈಗಳೇ ಮಾಡಿಕೊಂಡ ಅನಾಹುತ.

ದಿಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರ ವರೆಗೆ 13,530 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಸಂಭವಿಸಿದ ಶಿಶುಮರಣಗಳ ಪೈಕಿ ಸುಮಾರು ಕಾಲು ಭಾಗಕ್ಕೆ ನಂಜು ಕಾರಣವಾಗಿತ್ತು. ಪತ್ತೆಯಾದ ಅಸಿನೆಟೊಬ್ಯಾಕ್ಟರ್ ರೋಗಾಣುಗಳಲ್ಲಿ ಶೇ. 82 ಮತ್ತು ಕ್ಲೆಬ್ಸಿಯೆಲ್ಲಾಗಳಲ್ಲಿ ಶೇ. 54 ಹಲವು ಬಗೆಯ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದವುಗಳಾಗಿದ್ದವು. ರಾಜಧಾನಿಯ ಆಸ್ಪತ್ರೆಗಳ ಸ್ಥಿತಿಯೇ ಹೀಗಿದ್ದರೆ ಸಣ್ಣ ಊರುಗಳ ಪಾಡೇನು?

ನವಜಾತ ಶಿಶುವಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರಕ್ತಕ್ಕೆ ಸೇರಿದ ರೋಗಾಣು ಬೇಗನೆ ಮೆದುಳ ಪೊರೆಯನ್ನು ತಲುಪುತ್ತದೆ. ದೊಡ್ಡವರಂತೆ ಕತ್ತು ಬಿಗಿಯುವ ಲಕ್ಷಣ ಶಿಶುವಿನಲ್ಲಿ ಕಾಣಿಸದೇ ಇರಬಹುದು. ಹಾಲು ಕುಡಿಯದಿರುವುದು, ಮಂಕಾಗಿರುವುದು, ಜ್ವರ ಬರುವುದು ಅಥವಾ ಮೈ ತಣ್ಣಗಾಗುವುದು, ಕೀರಲು ದನಿಯಲ್ಲಿ ಅಳುವುದು, ನೆತ್ತಿ ಉಬ್ಬುವುದು, ಫಿಟ್ಸ್ ಬರುವುದು ಇದರ ಸೂಚನೆಗಳು. ಸೋಂಕನ್ನು ಖಚಿತಪಡಿಸಲು ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸಬೇಕು. ವಾರಗಟ್ಟಲೆ ಇಂಜೆಕ್ಷನ್ ಕೊಡಬೇಕು. ಕೊನೆಯ ಅಸ್ತ್ರವಾದ ಕೊಲಿಸ್ಟಿನ್‌ನಂತಹ ಮದ್ದು ರಕ್ತನಾಳಕ್ಕೆ ಕೊಟ್ಟರೂ ಮೆದುಳಿಗೆ ತಲುಪುವುದು ಅತ್ಯಲ್ಪ. ಬದುಕುಳಿದ ಮಕ್ಕಳಲ್ಲೂ ಕಿವುಡುತನ, ಬುದ್ಧಿ ಬೆಳವಣಿಗೆಯ ಕುಂಠಿತ ಉಳಿದುಬಿಡುವ ಅಪಾಯವಿದೆ.

ತೆಂಗಿನ ಸೀಮೆಯ ಕೆಂಕೆರೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿಗಳನ್ನು ದಾಟಿ ತುಮಕೂರಿನ ಜಿಲ್ಲಾಸ್ಪತ್ರೆಯನ್ನು ತಲುಪುವ ವೇಳೆಗೆ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಅದಕ್ಕೂ ಮುನ್ನ ಬಾಲಗ್ರಹವೆಂದೋ ದೃಷ್ಟಿಯೆಂದೋ ಭಾವಿಸಿ ತಾಯಿತ ಕಟ್ಟಿಸಲು, ಊದಿಸಲು ಓಡಾಡಿದರೆ ಉಳಿದ ಅವಕಾಶವೂ ಕೈತಪ್ಪುತ್ತದೆ. ರೋಗವನ್ನು ಕೊಟ್ಟ ಅಲ್ಲಾಹನು ಅದಕ್ಕೆ ಔಷಧಿಯನ್ನೂ ಇಟ್ಟಿದ್ದಾನೆ ಎಂದು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಪ್ರಾರ್ಥನೆ ಇರಲಿ, ಆದರೆ ಅದು ಆಸ್ಪತ್ರೆಯ ದಾರಿಯಲ್ಲೇ ನಡೆಯಲಿ.

ರೋಗಾಣುಗಳು ಇಷ್ಟು ಬಲಿಷ್ಠವಾದುದಾದರೂ ಹೇಗೆ? ನೆಗಡಿಗೂ ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೇಳುವವರು ನಾವು. ಎರಡು ದಿನ ನುಂಗಿ, ಹಗುರವೆನಿಸಿದೊಡನೆ ಬಿಡುವವರೂ ನಾವೇ. ಕೋಳಿ, ಜಾನುವಾರುಗಳಿಗೂ ಅದೇ ಮದ್ದು. ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಾಟದ ದಾಖಲೆಯಿಡಬೇಕು ಎಂಬ ಎಚ್1 ನಿಯಮ 2014ರಲ್ಲೇ ಜಾರಿಗೆ ಬಂದಿದೆ. ನಿಯಮ ಕಾಗದದಲ್ಲಿದೆ, ಗುಳಿಗೆ ಕೌಂಟರಿನಲ್ಲಿದೆ.

ಸುಧಾರಣೆ ಮನೆಯಿಂದಲೇ ಆರಂಭವಾಗಬೇಕು. ಶುಚಿತ್ವವನ್ನು ವಿಶ್ವಾಸದ ಭಾಗವಾಗಿಸಿಕೊಂಡ, ದಿನಕ್ಕೆ ಐದು ಬಾರಿ ವುಝೂ ನಿರ್ವಹಿಸುವ ಸಮುದಾಯವು ಮಗುವನ್ನು ಎತ್ತಿಕೊಳ್ಳುವ ಮುನ್ನ ಸೋಪು ಹಚ್ಚಿ ಕೈ ತೊಳೆಯಲಾರದೇ? ಬಾಣಂತಿಯ ಕೋಣೆಗೆ ನೆಂಟರಿಷ್ಟರು ಗುಂಪಾಗಿ ನುಗ್ಗುವುದು, ಕಂಡವರೆಲ್ಲ ಮಗುವಿಗೆ ಮುತ್ತಿಕ್ಕುವುದು, ಹೊಕ್ಕುಳಿಗೆ ಏನೇನೋ ಹಚ್ಚುವುದು, ಜೇನು ನೆಕ್ಕಿಸುವುದು ನಿಲ್ಲಲಿ. ಮೊದಲ ಗಂಟೆಯಲ್ಲೇ ಎದೆಹಾಲು ಸಿಗಲಿ. ಅಕೀಕಾದಂದು ಕೂದಲು ತೆಗೆಯಲು ಹೊಸ ಬ್ಲೇಡನ್ನೇ ಬಳಸಲಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ.

ಹಾಗೆಂದು ಸರಕಾರ ನುಣುಚಿಕೊಳ್ಳುವಂತಿಲ್ಲ. ಈ ಸೋಂಕು ಆಸ್ಪತ್ರೆಗಳ ಒಳಗೂ ಹರಡುತ್ತದೆ. ಒಬ್ಬ ನರ್ಸ್ ಹತ್ತಾರು ಕೂಸುಗಳನ್ನು ನೋಡಿಕೊಳ್ಳಬೇಕಾದಲ್ಲಿ, ನಲ್ಲಿಯಲ್ಲಿ ನೀರೇ ಇಲ್ಲದಲ್ಲಿ ಕೈ ತೊಳೆಯುವ ಉಪದೇಶಕ್ಕೆ ಅರ್ಥವೇನು? 2025ರೊಳಗೆ ಸಾರ್ವಜನಿಕ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಭರವಸೆ ನೀಡಿತ್ತು. ಅದು ಈಡೇರಲಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ರಕ್ತದ ಕಲ್ಚರ್ ಪರೀಕ್ಷೆ ಹಗಲಿರುಳು ಲಭ್ಯವಾಗಬೇಕು, ಶಿಶು ಘಟಕಗಳಿಗೆ ಸಾಕಷ್ಟು ದಾದಿಯರು ನೇಮಕವಾಗಬೇಕು. ಮತ ಕೇಳಲು ಬರುವವರ ಮುಂದೆ ಇಡಬೇಕಾದ ಬೇಡಿಕೆಯಿದು.

ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ನಂಬಿದವರ ಮೇಲೆ ದುಪ್ಪಟ್ಟು ಹೊಣೆಯಿದೆ. ಮಸೀದಿಯ ಖತೀಬರು ಒಂದು ಜುಮಾವನ್ನು ಈ ವಿಷಯಕ್ಕೆ ಮೀಸಲಿಡಲಿ. ಜಮಾಅತ್‌ಗಳು ಸ್ಥಳೀಯ ಆಶಾ ಕಾರ್ಯಕರ್ತೆಯರನ್ನು ಮಹಿಳಾ ಸಭೆಗಳಿಗೆ ಆಹ್ವಾನಿಸಲಿ. ಮಾತನಾಡಲಾರದ ಕೂಸಿನ ಪರವಾಗಿ ನಾವಲ್ಲದೆ ಇನ್ನಾರು ಮಾತನಾಡಬೇಕು?